ಈಳಿಗೆಯ ಕಪ್ಪು ಬೇರೆ, ತುಕ್ಕು ಬೇರೆ

ಧಾರವಾಡದ ನಮ್ಮ ಮನೆಯಲ್ಲಿ ಅತ್ತೆಯವರು ಕೊಟ್ಟ ಕಬ್ಬಿಣದ ಈಳಿಗೆ ಇದೆ. ಅಲಗು ಬೂದುಗಪ್ಪು, ಅಲ್ಲಲ್ಲಿ ನೀಲಿ ಛಾಯೆ. ಹೊಸ ಸೊಸೆ ಅದನ್ನು ತಿಕ್ಕಿ ಬೆಳ್ಳಗೆ ಮಾಡಲು ಕುಳಿತಾಗ ಕೈ ಹಿಡಿದು ನಿಲ್ಲಿಸಿದೆ. ಆ ಬಣ್ಣವನ್ನು ಉಳಿಸಿಕೊಳ್ಳಬೇಕು.

ಉಳ್ಳಾಗಡ್ಡಿ, ಮಾವಿನಕಾಯಿ, ನಿಂಬೆಯ ರಸ ತಾಗಿ ತಾಗಿ ಉಕ್ಕಿನ ಮೇಲೆ ತೆಳುವಾದ ಪದರ ಬಿಗಿಯಾಗಿ ಕೂರುತ್ತದೆ. ಅದು ತುಕ್ಕನ್ನು ಪೂರ್ತಿ ತಡೆಯದಿದ್ದರೂ ನಿಧಾನಗೊಳಿಸುತ್ತದೆ. ಕೆಂಪು ತುಕ್ಕು ಹಾಗಲ್ಲ; ಸಡಿಲವಾಗಿ, ಪುಡಿಪುಡಿಯಾಗಿ, ತೇವವನ್ನು ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತಲೇ ಹೋಗುತ್ತದೆ. ಒಣ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಇಟ್ಟಂಗಿ ಬಣ್ಣ ಹತ್ತಿದರೆ ಅದು ತುಕ್ಕು.

ಅಷ್ಟು ಜಾಗಕ್ಕೆ ಮಾತ್ರ ಹುಣಸೆಹಣ್ಣಿನ ತಿರುಳು ಹಚ್ಚಿ ಹತ್ತು ನಿಮಿಷ ಬಿಡಿ. ತೆಂಗಿನ ನಾರಿನಿಂದ, ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ತಿಕ್ಕಿ. ತೊಳೆದ ಕೂಡಲೇ ಒರೆಸಿ, ಒಲೆಯ ಪಕ್ಕ ಒಣಗಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ನಮ್ಮ ಕಡೆ ಕುಸುಬೆ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಇದಕ್ಕೆ ಬೇಡ; ದಿನ ಕಳೆದಂತೆ ಅಂಟಂಟಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಚಾಕುವಿಗೆ ತುಕ್ಕೇ ಹಿಡಿಯದು ಎಂದು ನಂಬಬೇಡಿ. ಅದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ, ಕಾಪಾಡುವ ಪದರ ಅದರಿಂದಲೇ. ಆ ಪದರವನ್ನು ಉಪ್ಪು ಭೇದಿಸುತ್ತದೆ. ಕಳೆದ ಬೇಸಿಗೆಯಲ್ಲಿ ಉಪ್ಪು ಬೆರೆಸಿದ ಮಾವಿನ ಹೋಳುಗಳ ಪಾತ್ರೆಯಲ್ಲಿ ರಾತ್ರಿಯಿಡೀ ಉಳಿದ ಚಾಕುವಿನ ಮೇಲೆ ಸೂಜಿಮೊನೆಯಷ್ಟು ಕುಳಿಗಳು ಬಿದ್ದವು. ಎಷ್ಟು ತಿಕ್ಕಿದರೂ ಅವು ಹೋಗಲಿಲ್ಲ. ಈಗ ಉಪ್ಪು ತಾಗಿದ ಚಾಕುವನ್ನು ಆಗಲೇ ತೊಳೆಯುತ್ತೇನೆ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಈಳಿಗೆಗೆ ವಾರಕ್ಕೊಮ್ಮೆ ಎಣ್ಣೆ.