ಬಿಗ್ ಬ್ರೇಕ್ ಕಿಟ್ ಇಲ್ಲದೆ ಇವಿಯಲ್ಲಿ ಟ್ರ್ಯಾಕ್ ಡೇ: ನನ್ನ ಅನುಭವ

ಇವಿಯನ್ನು, ಅಂದರೆ ಎಲೆಕ್ಟ್ರಿಕ್ ಕಾರನ್ನು, ರೇಸ್ ಟ್ರ್ಯಾಕಿಗೆ ಇಳಿಸುವ ಮೊದಲು ಎರಡು ಲಕ್ಷದ ಬಿಗ್ ಬ್ರೇಕ್ ಕಿಟ್ (ದೊಡ್ಡ ಅಳತೆಯ ಬ್ರೇಕ್ ಸೆಟ್) ಹಾಕಿಸು ಎಂದವರೇ ಎಲ್ಲ. 'ಅಷ್ಟು ಭಾರದ ಗಾಡಿ, ನಾಲ್ಕು ಲ್ಯಾಪಿಗೆ ಪೆಡಲ್ ನೆಲ ಮುಟ್ಟುತ್ತೆ' ಅಂತ ಗೋಣಿಕೊಪ್ಪದ ಗೆಳೆಯರು ಬಾಜಿಯನ್ನೇ ಕಟ್ಟಿದ್ದರು. ಈಗ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಹದಿನೈದು ನಿಮಿಷದ ಸೆಷನ್ ಮುಗಿದರೂ ನನ್ನ ಪೆಡಲ್ ಗಟ್ಟಿ. ಈಗ ಗಾಡಿಯಲ್ಲಿ ಉಳಿದಿರುವ ಸಾಮಾನಿನ ಖರ್ಚು ಸುಮಾರು 40 ಸಾವಿರ. ದಂಡವಾದದ್ದು ಬೇರೆ.

ನಮ್ಮ ಕೊಡಗಿನ ಗದ್ದೆ ಆಟೋಕ್ರಾಸ್ (ಮಣ್ಣಿನ ಕಾರ್ ಓಟ) ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಣ್ಣಿನಲ್ಲಿ ಟೈರೇ ಮೊದಲು ಜಾರುತ್ತದೆ, ಬ್ರೇಕ್ ಬಿಸಿಯಾಗಲು ಪುರುಸೊತ್ತಿಲ್ಲ. ಕರಿ ಟ್ರ್ಯಾಕಿನ ಡಾಂಬರಿನಲ್ಲಿ, ನಾನೂ ಸೇರಿ 1,700 ಕೆಜಿಯ ಗಾಡಿ 120ರಿಂದ 50ಕ್ಕೆ ಇಳಿಯುವಾಗ ಪ್ರತಿ ಸಲ ಏಳೆಂಟು ಲಕ್ಷ ಜೌಲ್ ಶಕ್ತಿಯನ್ನು ಯಾರಾದರೂ ನುಂಗಬೇಕು. ಮೊದಲ ಲ್ಯಾಪುಗಳಲ್ಲಿ ರೀಜೆನ್ (ಮೋಟರೇ ವೇಗ ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಕಳಿಸುವುದು) ಒಂದು ಪಾಲು ಹೊರುತ್ತದೆ. ಬ್ಯಾಟರಿ ಕಾದಂತೆ ಅದು ಕೈಬಿಡುತ್ತದೆ, ಭಾರವೆಲ್ಲ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕುಗಳಿಗೆ.

ಮೊದಲು ಹಾಕಿಸಿದ್ದು ತೂತಿನ ಡಿಸ್ಕ್, ಜೋಡಿಗೆ 22 ಸಾವಿರದ ಹತ್ತಿರ. ಕೆಲವೇ ಸೆಷನ್‌ಗಳಲ್ಲಿ ತೂತುಗಳ ಅಂಚಿನಿಂದ ಬಿರುಕು ಹೊರಟಿತು, ಗುಜರಿಗೆ ಹೋಯಿತು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್, 'ಸ್ಪೋರ್ಟ್ಸ್' ಅಂತ ಮಾರಿದ್ದು, ಕಾದು ಗಾಜಿನ ಹಾಗೆ ನುಣುಪಾಗಿ, ಹಿಡಿತವೇ ಹೋಯಿತು. ಅದಕ್ಕೆ ಆರೇಳು ಸಾವಿರ. ಈಗ ಇರುವುದು ಕಂಪನಿಯ ಅಳತೆಯದೇ ಸಾದಾ ಡಿಸ್ಕ್. ಸವೆದರೆ ಬಿಸಾಡಲು ಹೊಟ್ಟೆ ಉರಿಯುವುದಿಲ್ಲ.

ನಿಜವಾಗಿ ಆಟ ಬದಲಿಸಿದ್ದು ಬ್ರೇಕ್ ಆಯಿಲ್. ಅದು ಕುದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್‌ಗೆ ನಿಯಮ ಕೇಳುವುದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಕುದಿಬಿಂದು, ನೀರು ಹೀರಿದ ಮೇಲೆ 155. ಕೊಡಗಿನ ಮಳೆಗಾಲ ಕಳೆದ ಆಯಿಲ್ ಯಾವ ಕಡೆಗೆ ವಾಲಿರುತ್ತದೆ ಅಂತ ನಿಮಗೆ ಗೊತ್ತು. ಮೋಟುಲ್ ಆರ್‌ಬಿಎಫ್ 600 ಎಂಬ ರೇಸಿಂಗ್ ಆಯಿಲ್ ಹಾಕಿದೆ, ಹೊಸದರಲ್ಲಿ 312 ಡಿಗ್ರಿ. ಪೆಡಲ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ನನ್ನ ಗಾಡಿಯಲ್ಲಿ ಎಲೆಕ್ಟ್ರಿಕ್. ಪೂರ್ತಿ ಬ್ಲೀಡ್ ಆಗಲು (ಹಳೆ ಆಯಿಲ್, ಗಾಳಿ ಹೊರಹೋಗಲು) ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಯಿತು, ಅದಿರುವ ಗ್ಯಾರೇಜ್ ಸಿಕ್ಕಿದ್ದು ಮೈಸೂರಿನಲ್ಲಿ.

ಈಗಿನ ಪ್ಯಾಡ್‌ಗೆ 18 ಸಾವಿರ ಕೊಟ್ಟೆ. ಅದರ ಕಾಂಪೌಂಡ್ (ಪ್ಯಾಡಿನ ಮಿಶ್ರಣ) ಹೆಸರು ಮಾತ್ರ ಹೇಳುವುದಿಲ್ಲ, ಹುಡುಕಲು ನನಗೆ ಎರಡು ವರ್ಷ ಹಿಡಿದಿದೆ. ಒಂದು ಮಾತು ಹೇಳುತ್ತೇನೆ: ಬೆಡ್ಡಿಂಗ್ ಮಾಡುವಾಗ (ಹೊಸ ಪ್ಯಾಡನ್ನು ಬ್ರೇಕ್ ಹಾಕಿ ಹಾಕಿ ಬಿಸಿಮಾಡಿ ಡಿಸ್ಕಿಗೆ ಹೊಂದಿಸುವಾಗ) ರೀಜೆನ್ ಕನಿಷ್ಠಕ್ಕೆ ಇಳಿಸಿ. ಇಲ್ಲವಾದರೆ ಮೋಟರೇ ನಿಲ್ಲಿಸುತ್ತದೆ, ಪ್ಯಾಡ್ ಬಿಸಿಯಾಗುವುದೇ ಇಲ್ಲ. ಮಡಿಕೇರಿ ಚಳಿಯ ಬೆಳಗಿನಲ್ಲಿ ಈ ಪ್ಯಾಡ್ ಕಿರುಚುತ್ತದೆ, ಹಿಡಿತವೂ ಕಮ್ಮಿ. ಹಾಗಾಗಿ ಊರಿಗೆ ಬಂದ ಕೂಡಲೇ ಕಂಪನಿಯ ಹಳೆಯ ಪ್ಯಾಡನ್ನೇ ಹಾಕುತ್ತೇನೆ. ಮುಂದಿನ ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿ ತರುವ ಪೈಪಿಗೆ ಎರಡು ಸಾವಿರವೂ ಆಗಿಲ್ಲ. ಅದರ ಬಾಯಿ ಎಲ್ಲಿಟ್ಟಿದ್ದೇನೆ ಎನ್ನುವುದು ನನ್ನಲ್ಲೇ ಇರಲಿ.

ನಡುವೆ ಸಂಪಾಜೆ ಘಾಟಿಯಲ್ಲೂ ಒಂದು ಪ್ರಯೋಗ ಮಾಡಿದೆ. ಮಡಿಕೇರಿಯಿಂದ ಸಂಪಾಜೆಗೆ ಹೆಚ್ಚುಕಮ್ಮಿ ಸಾವಿರ ಮೀಟರ್ ಇಳಿತ, ಈ ತೂಕಕ್ಕೆ ನಾಲ್ಕೂವರೆ ಯೂನಿಟ್ ಶಕ್ತಿ. 80% ಚಾರ್ಜ್‌ನಲ್ಲಿ ಇಳಿದರೆ ಟೆಂಪರೇಚರ್ ಗನ್ ಡಿಸ್ಕಿನಲ್ಲಿ 60 ಡಿಗ್ರಿ ಆಸುಪಾಸು ತೋರಿಸಿತು. 100% ತುಂಬಿಸಿ ಇಳಿದ ದಿನ ಬ್ಯಾಟರಿಯಲ್ಲಿ ಜಾಗವಿಲ್ಲದೆ ರೀಜೆನ್ ಕೆಲಸ ಮಾಡಲಿಲ್ಲ, ಡಿಸ್ಕ್ 200 ದಾಟಿತ್ತು. ಅಂದಿನಿಂದ ಟ್ರ್ಯಾಕಿಗೆ ಹೋಗುವಾಗ 85ಕ್ಕಿಂತ ಹೆಚ್ಚು ತುಂಬಿಸುವುದಿಲ್ಲ.

ಬಾಜಿ ಕಟ್ಟಿದವರಲ್ಲಿ ಇಬ್ಬರು ಈಗ ಅದೇ ಆಯಿಲ್ ತರಿಸಿದ್ದಾರೆ. ಹಿಂದಿನ ಚಕ್ರಗಳ ಪ್ಯಾಡ್ ನನ್ನದು ಇನ್ನೂ ಕಂಪನಿಯದ್ದೇ, ಅರ್ಧವೂ ಸವೆದಿಲ್ಲ.