ಪುರಸಭೆ ಬಜೆಟ್ ಓದುವುದು ಹೇಗೆ? ನಿಮ್ಮ ಕೇರಿಯ ಚರಂಡಿ ಅದರೊಳಗೆ ಸೇರುವುದು ಹೇಗೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ಸ್ಥಳೀಯ ಪುಟಗಳಲ್ಲಿ ಒಂದೇ ಬಗೆಯ ತಲೆಬರಹ: ‘ಪುರಸಭೆಯಿಂದ ಇಷ್ಟು ಲಕ್ಷದ ಮಿಗತೆ ಬಜೆಟ್’. ಹಣ ಮಿಕ್ಕಿದೆಯಲ್ಲ, ಹಾಗಾದರೆ ನಮ್ಮ ಚರಂಡಿ ಯಾಕೆ ಆಗಲಿಲ್ಲ ಎಂದು ಓದಿದವರು ಸಿಟ್ಟಾಗುತ್ತಾರೆ. ಜೂನ್‌ನಲ್ಲಿ ಅಂಗಳಕ್ಕೆ ನೀರು ನುಗ್ಗಿದ ಮೇಲೆ ಮನವಿ ಹಿಡಿದು ಕಚೇರಿಗೆ ಓಡುತ್ತಾರೆ. ಅಷ್ಟರಲ್ಲಿ ಆ ವರ್ಷದ ಹಣ ಹಂಚಿ ಮುಗಿದಿರುತ್ತದೆ. ಕುಂದಾಪುರ, ಕುಮಟಾ, ಅಂಕೋಲಾದಂಥ ಕರಾವಳಿಯ ಊರುಗಳಲ್ಲಿ ವರ್ಷವೂ ನಡೆಯುವುದು ಇದೇ. ಕ್ರಮ ತಿಳಿದು ಸರಿಯಾದ ತಿಂಗಳಲ್ಲಿ ಸರಿಯಾದ ಕಾಗದ ಕೊಟ್ಟರೆ ಕೆಲಸವಾಗುವ ಸಾಧ್ಯತೆ ಬಹಳಷ್ಟು ಹೆಚ್ಚುತ್ತದೆ. ಹೊನ್ನಾವರದಂಥ ಪಟ್ಟಣ ಪಂಚಾಯಿತಿಗೂ ಕ್ರಮ ಇದೇ.

ಹೆಜ್ಜೆ 1: ಅದು ಯಾರ ಜಾಗ?

ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆ, ಅದರ ಪಕ್ಕದ ಚರಂಡಿ ಹೆದ್ದಾರಿ ಪ್ರಾಧಿಕಾರದ್ದು. ಊರೊಳಗಿನ ಕೆಲವು ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಕಡಲ್ಕೊರೆತದ ತಡೆಗೋಡೆ ಪುರಸಭೆಯ ಕೆಲಸವಲ್ಲ, ಬಂದರು ಇಲಾಖೆಯದು. ಇವುಗಳಿಗಾಗಿ ಪುರಸಭೆಯಲ್ಲಿ ಎಷ್ಟು ಜಗಳವಾಡಿದರೂ ಒಂದು ರೂಪಾಯಿ ಹುಟ್ಟುವುದಿಲ್ಲ. ಕಿರಿಯ ಎಂಜಿನಿಯರ್ ಬಳಿ ರಸ್ತೆಗಳ ಪಟ್ಟಿ ಇರುತ್ತದೆ, ಹತ್ತು ನಿಮಿಷದ ಕೆಲಸ, ನೋಡಿಕೊಂಡು ಬನ್ನಿ.

ಹೆಜ್ಜೆ 2: ಬಜೆಟ್ ಪ್ರತಿ ಪಡೆಯಿರಿ

ಅಧ್ಯಕ್ಷರ ಬಜೆಟ್ ಭಾಷಣವಲ್ಲ, ಲೆಕ್ಕ ವಿಭಾಗದ ಪೂರ್ತಿ ಪಟ್ಟಿ ಬೇಕು. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ‘ನಮ್ಮ ವಾರ್ಡಿಗೆ ಅನ್ಯಾಯ ಯಾಕೆ’ ಎಂದು ಬರೆದರೆ ಉತ್ತರ ಬರುವುದಿಲ್ಲ, ದಾಖಲೆಯ ಹೆಸರನ್ನೇ ಬರೆಯಿರಿ: ‘ಇಂಥ ಸಾಲಿನ ಆಯವ್ಯಯ ಪಟ್ಟಿ ಮತ್ತು ಅದನ್ನು ಅಂಗೀಕರಿಸಿದ ಸಭೆಯ ನಡಾವಳಿಯ ಪ್ರತಿ’. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಒಂದು ಪುಟದ ‘ಬಜೆಟ್ ಮುಖ್ಯಾಂಶ’ ನಂಬಿ ಮನವಿ ಬರೆಯಬೇಡಿ. ಅದರಲ್ಲಿ ಹಿಂದಿನ ವರ್ಷ ನಿಜಕ್ಕೂ ಎಷ್ಟು ಖರ್ಚಾಯಿತು ಎಂಬುದೇ ಇರುವುದಿಲ್ಲ.

ಹೆಜ್ಜೆ 3: ಮಿಗತೆಯನ್ನು ಬಿಡಿಸಿ ನೋಡಿ

ಎಲ್ಲರೂ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ.

ಪಟ್ಟಿಯ ಮೊದಲ ಸಾಲು ‘ಆರಂಭಿಕ ಶಿಲ್ಕು’. ಹಿಂದಿನ ವರ್ಷದಿಂದ ಬ್ಯಾಂಕಿನಲ್ಲಿ ಉಳಿದ ಹಣ ಅದು. ಅದರಲ್ಲಿ ಬಹುಪಾಲು ಯಾವುದೋ ಯೋಜನೆಗೆಂದೇ ಬಂದು ಇನ್ನೂ ಖರ್ಚಾಗದೆ ಕುಳಿತಿರುತ್ತದೆ. ಅದನ್ನು ಚರಂಡಿಗೆ ತಿರುಗಿಸಲು ಬರುವುದಿಲ್ಲ.

ಮುಂದೆ ‘ಅಸಾಧಾರಣ ಸ್ವೀಕೃತಿ’ ಎಂಬ ಭಾಗ ಬರುತ್ತದೆ. ಇದು ಪುರಸಭೆಯ ಹಣವೇ ಅಲ್ಲ. ಗುತ್ತಿಗೆದಾರರ ಇಎಂಡಿ (ಟೆಂಡರ್ ಹಾಕುವಾಗ ಕಟ್ಟುವ ಠೇವಣಿ), ಭದ್ರತಾ ಠೇವಣಿ, ಬಿಲ್ಲಿನಲ್ಲಿ ಹಿಡಿದ ಆದಾಯ ತೆರಿಗೆ, ಕಲ್ಲು–ಮರಳಿನ ರಾಜಧನ, ಶೇ 1ರ ಕಾರ್ಮಿಕ ಸೆಸ್ ಎಲ್ಲ ಇಲ್ಲಿರುತ್ತವೆ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲಿನ ಸೆಸ್‌ಗಳೂ ಹಾಗೆಯೇ: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪುನರ್ವಸತಿ ಶೇ 3, ನಗರ ಸಾರಿಗೆ ಶೇ 2. ಒಟ್ಟು ಶೇ 26. ಪುರಸಭೆ ಇದನ್ನು ವಸೂಲು ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ದಾಟಿಸದೆ ಇಟ್ಟುಕೊಂಡರೆ ಬಜೆಟ್ ದಷ್ಟಪುಷ್ಟವಾಗಿ ಕಾಣುತ್ತದೆ, ಆದರೆ ಅದು ಸಾಲ.

ಮೂರನೆಯದು ಅನುದಾನ. ರಾಜ್ಯ ಹಣಕಾಸು ಆಯೋಗದ, ಅಂದರೆ ಎಸ್‌ಎಫ್‌ಸಿಯ, ವೇತನ ಅನುದಾನ ಸಂಬಳಕ್ಕೆ, ವಿದ್ಯುತ್ ಅನುದಾನ ಬೀದಿದೀಪ ಮತ್ತು ಪಂಪಿನ ಬಿಲ್ಲಿಗೆ. ಇವು ಬಂದ ದಾರಿಯಲ್ಲೇ ಹೋಗುತ್ತವೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟುಪಾಡಾಗಿತ್ತು. ಹಾಗಾಗಿ ಅನುದಾನದ ಪ್ರತಿ ಸಾಲಿನ ಮುಂದೆ ‘ನಿರ್ಬಂಧಿತ’, ‘ಮುಕ್ತ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ.

ಕೊನೆಗೆ ಉಳಿಯುವುದು ಸ್ವಂತ ಆದಾಯ: ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಮೀನು ಮಾರುಕಟ್ಟೆ ಮತ್ತು ಸಂತೆಯ ಹರಾಜು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಬಜೆಟ್ ಗಾತ್ರ 30 ಕೋಟಿ ರೂಪಾಯಿ ಎನ್ನಿ. ಆರಂಭಿಕ ಶಿಲ್ಕು 9 ಕೋಟಿ, ಅಸಾಧಾರಣ 3 ಕೋಟಿ, ವೇತನ ಮತ್ತು ವಿದ್ಯುತ್ ಅನುದಾನ 6.5 ಕೋಟಿ, ಯೋಜನೆಗಳ ಹಣ 6 ಕೋಟಿ. ಸ್ವಂತ ಆದಾಯ ಉಳಿದದ್ದು 5.5 ಕೋಟಿ. ಹೊರಗುತ್ತಿಗೆ ನೌಕರರ ಕೂಲಿ, ಕಸದ ಗಾಡಿಯ ಡೀಸೆಲ್, ಪೈಪ್‌ಲೈನ್ ದುರಸ್ತಿ, ಏಪ್ರಿಲ್–ಮೇಯಲ್ಲಿ ಬಾವಿಗಳಿಗೆ ಉಪ್ಪುನೀರು ಹತ್ತಿದಾಗ ಕಳಿಸುವ ಟ್ಯಾಂಕರ್, ಎಲ್ಲ ಸೇರಿ 4.6 ಕೋಟಿ ಹೋದರೆ 90 ಲಕ್ಷ ಉಳಿಯಿತು. ಅದರಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು, ಒಟ್ಟು ಸುಮಾರು 32.7 ಲಕ್ಷ. ಇದು ಅವರ ಹಕ್ಕಿನ ಹಣ, ಬೇರೆ ಕೆಲಸಕ್ಕೆ ಕೇಳುವುದು ತಪ್ಪು. ಮಿಕ್ಕ 57.3 ಲಕ್ಷವನ್ನು 23 ವಾರ್ಡಿಗೆ ಹಂಚಿದರೆ ತಲಾ ಎರಡೂವರೆ ಲಕ್ಷಕ್ಕೂ ತುಸು ಕಡಿಮೆ. ಶೇ 18 ಜಿಎಸ್‌ಟಿ ತೆಗೆದರೆ ನೆಲದ ಮೇಲೆ ಕಾಣುವ ಕೆಲಸ ಸುಮಾರು 2.1 ಲಕ್ಷ ರೂಪಾಯಿಯದು.

30 ಕೋಟಿಯ ಬಜೆಟ್‌ನಲ್ಲಿ ನಿಮ್ಮ ವಾರ್ಡಿನ ಕೈಗೆ ಬರುವ ಮುಕ್ತ ಹಣ ಇಷ್ಟೇ. ಆದ್ದರಿಂದ 22 ಬೇಡಿಕೆಗಳ ಮನವಿ ಕೊಡಬೇಡಿ, ಒಂದೇ ಕೊಡಿ.

ಇನ್ನೊಂದು ಪರೀಕ್ಷೆ: ಪ್ರತಿ ಲೆಕ್ಕಶೀರ್ಷಿಕೆಯ ಮುಂದೆ ಹಿಂದಿನ ವರ್ಷದ ವಾಸ್ತವ, ಈ ವರ್ಷದ ಪರಿಷ್ಕೃತ, ಮುಂದಿನ ವರ್ಷದ ಅಂದಾಜು ಎಂಬ ಅಂಕಣಗಳಿರುತ್ತವೆ. ಓದುವಾಗ ವಾಸ್ತವದ ಅಂಕಣಕ್ಕೆ ಬೆರಳಿಟ್ಟುಕೊಳ್ಳಿ. ಮಳಿಗೆ ಬಾಡಿಗೆ ನಿಜಕ್ಕೂ 38 ಲಕ್ಷ ಬಂದಿದ್ದು ಮುಂದಿನ ವರ್ಷಕ್ಕೆ 90 ಲಕ್ಷ ಎಂದು ಬರೆದಿದ್ದರೆ, ಬಾಕಿ ವಸೂಲಿಯ ಅಥವಾ ಮರುಹರಾಜಿನ ನಿರ್ಣಯ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಆ 52 ಲಕ್ಷ ಕಾಗದದ ಮೇಲಷ್ಟೇ ಇದೆ, ಅದನ್ನು ನಂಬಿ ಹಾಕಿಕೊಂಡ ಖರ್ಚೂ ಆಗುವುದಿಲ್ಲ.

ಹೆಜ್ಜೆ 4: ಪೂರ್ವಭಾವಿ ಸಭೆಗೆ ಹೋಗಿ

ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಡಿಸೆಂಬರ್‌ನಿಂದಲೇ ನೋಟಿಸ್ ಬೋರ್ಡ್ ನೋಡುತ್ತಿರಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಮನವಿಯನ್ನು ಆಡಳಿತಾಧಿಕಾರಿಗೇ ಕೊಡಬೇಕು. ಬಾಯಲ್ಲಿ ಹೇಳಿದ್ದು ನಡಾವಳಿಗೆ ಸೇರುವುದಿಲ್ಲ. ಬರೆದು ಕೊಟ್ಟು, ನಕಲು ಪ್ರತಿಗೆ ಸ್ವೀಕೃತಿ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳಿ.

ಮನವಿ ಒಂದು ಪುಟ ಸಾಕು. ವಾರ್ಡ್ ಸಂಖ್ಯೆ, ಯಾವ ಮನೆಯಿಂದ ಯಾವ ತೋಡಿನವರೆಗೆ, ಉದ್ದ ಎಷ್ಟು ಮೀಟರ್ (ಟೇಪು ಹಿಡಿದು ಅಳೆಯಿರಿ, ಅಂದಾಜು ಬೇಡ), ಎಷ್ಟು ಮನೆಗೆ ನೀರು ನುಗ್ಗುತ್ತದೆ, ಮಳೆಗಾಲದಲ್ಲೇ ತೆಗೆದ ಎರಡು ಫೋಟೊ. ಬೇಸಿಗೆಯಲ್ಲಿ ತೆಗೆದ ಒಣ ಚರಂಡಿಯ ಫೋಟೊದಿಂದ ಪ್ರಯೋಜನವಿಲ್ಲ. ದುಡ್ಡು ಕೊಟ್ಟು ಮನವಿ ಬರೆಸುವ ಅಗತ್ಯವೂ ಇಲ್ಲ, ಅಂಥವುಗಳಲ್ಲಿ ಅರ್ಧ ಪುಟ ಬರೀ ಗೌರವ ವಂದನೆಯೇ ಇರುತ್ತದೆ. ಜನಹಿತ ಆ್ಯಪ್‌ನಲ್ಲಿ ದೂರು ಹಾಕಿದರೆ ಬೀದಿದೀಪ ಉರಿಯಬಹುದು, ಹೊಸ ಚರಂಡಿ ಬಜೆಟ್‌ಗೆ ಸೇರುವುದಿಲ್ಲ.

ಹೆಜ್ಜೆ 5: ಕ್ರಿಯಾಯೋಜನೆಯ ಬೆನ್ನು ಬಿಡಬೇಡಿ

ಬಜೆಟ್‌ನಲ್ಲಿ ‘ಚರಂಡಿ ನಿರ್ಮಾಣ 40 ಲಕ್ಷ’ ಎಂದಷ್ಟೇ ಇರುತ್ತದೆ. ಅದಕ್ಕೆ ವಿಳಾಸ ಇರುವುದಿಲ್ಲ. ವಿಳಾಸ ಬರುವುದು ಕ್ರಿಯಾಯೋಜನೆಯಲ್ಲಿ: ಯಾವ ವಾರ್ಡು, ಯಾವ ಕಾಮಗಾರಿ, ಎಷ್ಟು ಮೊತ್ತ. ಅನುದಾನದ ಕ್ರಿಯಾಯೋಜನೆ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆಯಾಗಿ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಗೆ ಹೋಗುತ್ತದೆ. ಬಜೆಟ್ ದಿನ ಗ್ಯಾಲರಿ ತುಂಬುವ ಜನ ಈ ಸಭೆಗೆ ಒಬ್ಬರೂ ಬರುವುದಿಲ್ಲ. ಬಜೆಟ್ ಸಭೆ ಬೇಕಾದರೆ ತಪ್ಪಿಸಿ, ಇದನ್ನು ತಪ್ಪಿಸಬೇಡಿ. ಸಭೆಗೆ ಮೊದಲೇ ನಿಮ್ಮ ಸದಸ್ಯರ ಕೈಗೆ ಸ್ವೀಕೃತಿ ಸಂಖ್ಯೆ ಇರುವ ಮನವಿಯ ಪ್ರತಿ ಕೊಟ್ಟಿರಿ. ಕಾರ್ಯಸೂಚಿಯಲ್ಲಿ ‘ಘಟನೋತ್ತರ ಮಂಜೂರಾತಿ’ ಎಂಬ ಪದ ಕಂಡರೆ ಅದನ್ನು ಪೂರ್ತಿ ಓದಿ: ಈಗಾಗಲೇ ಖರ್ಚಾದದ್ದಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ ಎಂದರ್ಥ.

ಕರಾವಳಿಗೇ ಇರುವ ತೊಡಕೊಂದಿದೆ. ಸಮುದ್ರದ ಬದಿ, ಹಿನ್ನೀರಿನ ಬದಿಯ ಕಾಮಗಾರಿಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ, ಒಪ್ಪಿಗೆ ಬೇಕಾಗಬಹುದು. ಹಣ ಇಟ್ಟು, ಟೆಂಡರ್ ಹಂತದಲ್ಲಿ ಇದು ನೆನಪಾದರೆ ಆ ವರ್ಷ ಕಳೆದಂತೆಯೇ. ಕ್ರಿಯಾಯೋಜನೆಗೆ ಸೇರುವ ಮೊದಲೇ ಎಂಜಿನಿಯರ್ ಬಳಿ ಬರವಣಿಗೆಯಲ್ಲಿ ಕೇಳಿ.

ಹೆಜ್ಜೆ 6: ಟೆಂಡರ್

ನಿಮ್ಮ ಕಾಮಗಾರಿಯ ಟೆಂಡರ್ ಕರೆದಿದ್ದಾರೆಯೇ ಎಂದು ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಊರಿನ ಹೆಸರು ಹಾಕಿ ನೋಡುತ್ತಿರಿ.

ಹೆಜ್ಜೆ 7: ಕೆಲಸ ನಡೆಯುವಾಗ

ಕಾಮಗಾರಿಯ ಅಂದಾಜು ಪಟ್ಟಿಯ (ಎಸ್ಟಿಮೇಟ್) ಪ್ರತಿ ಕೈಯಲ್ಲಿರಲಿ. ಉದ್ದ, ಅಗಲ, ಆಳ ಮೂರನ್ನೂ ಅಳೆದು ಹೋಲಿಸಿ. ಗೋಡೆಯ ನುಣುಪು ನೋಡಿ ಮೆಚ್ಚಿಕೊಳ್ಳಬೇಡಿ, ಇಳಿಜಾರು ನೋಡಿ. ಮೇಲ್ತುದಿಯಲ್ಲಿ ನಾಲ್ಕು ಕೊಡ ನೀರು ಸುರಿದರೆ ಅದು ನಡುವೆ ಎಲ್ಲಿಯೂ ನಿಲ್ಲದೆ ಹರಿಯಬೇಕು. ಸ್ಲ್ಯಾಬ್ ಮುಚ್ಚುವ ಮೊದಲೇ ಈ ಪರೀಕ್ಷೆ ಮಾಡಿ.

ಚರಂಡಿಯ ನೀರು ಹೊರಗೆ ಬೀಳುವ ಹೊರಬಾಯಿಯನ್ನು ಭರತದ ಹೊತ್ತಿಗೇ ಹೋಗಿ ನೋಡಬೇಕು. ಕುಂದಾಪುರದಂತೆ ಹಿನ್ನೀರು ಸುತ್ತುವರಿದ ಊರಿನಲ್ಲಿ ಚರಂಡಿಯ ತಳ ಭರತದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಮಳೆನೀರು ಹೊರಗೆ ಹೋಗುವ ಬದಲು ಉಪ್ಪುನೀರು ಒಳಗೆ ಬರುತ್ತದೆ. ಇಳಿತದ ಹೊತ್ತಿನಲ್ಲಿ ಅಳತೆ ತೆಗೆದು ನಕ್ಷೆ ಮಾಡಿದರೆ ಆಗುವ ತಪ್ಪು ಇದೇ. ಕಂಡರೆ ಅಂದೇ ದಿನಾಂಕ, ಗಂಟೆ, ಫೋಟೊ ಸಮೇತ ಮುಖ್ಯಾಧಿಕಾರಿಗೆ ಬರೆದು ಕೊಡಿ. ಗುತ್ತಿಗೆದಾರರ ಭದ್ರತಾ ಠೇವಣಿ ಪುರಸಭೆಯ ಬಳಿ ಇರುವವರೆಗೆ ಮಾತ್ರ ಅದನ್ನು ಅವರಿಂದಲೇ ಸರಿಪಡಿಸಿಕೊಳ್ಳುವುದು ಸುಲಭ. ಠೇವಣಿ ವಾಪಸಾದರೆ ಆ ದುರಸ್ತಿಯೂ ನಿಮ್ಮ ವಾರ್ಡಿನ ಮುಂದಿನ ವರ್ಷದ ಎರಡೂವರೆ ಲಕ್ಷದಿಂದಲೇ ಆಗಬೇಕಾಗುತ್ತದೆ.