ಮಿನ್ನೆಸೋಟದಲ್ಲಿ ಬೋಟು ನೀರಿಗಿಳಿಸುವ ಮುಂಚೆ: 88ರ ಪಂಪಿನಿಂದ ದೂರ ಇರಿ

ಯುಗಾದಿ ಊಟದ ಹೊತ್ತಿಗೆ ಇಲ್ಲಿ ಕೆರೆಗಳ ಹಿಮ ಕರಗಲು ಶುರುವಾಗಿರುತ್ತದೆ. ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್, ಸೇಂಟ್ ಪಾಲ್ ಜೋಡಿ ನಗರ) ಸುತ್ತಮುತ್ತ ಸಾಮಾನ್ಯವಾಗಿ ಏಪ್ರಿಲ್ ಮಧ್ಯಕ್ಕೆ ನೀರು ಕಾಣುತ್ತದೆ. ಮೇ ಮಧ್ಯದ ಆಸುಪಾಸಿನಲ್ಲಿ ವಾಲೈ ಮೀನಿನ ಓಪನರ್, ಅಂದರೆ ಆ ಮೀನು ಹಿಡಿಯುವ ಸೀಸನ್ನಿನ ಮೊದಲ ದಿನ. ನಡುವಿನ ಈ ಒಂದು ತಿಂಗಳು ಬೋಟು ಮೆಕ್ಯಾನಿಕ್ ಸಿಗುವುದು ಬಹಳ ಕಷ್ಟ. ನಮ್ಮವರು ಸರಿಯಾಗಿ ಆಗಲೇ ನನಗೆ ಫೋನ್ ಮಾಡುತ್ತಾರೆ. ಹೋದ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಬೋಟು ಕೊಂಡಿರುತ್ತಾರೆ, ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ನಿಲ್ಲಿಸಿರುತ್ತಾರೆ. "ಸ್ಟಾರ್ಟ್ ಆಗುತ್ತೆ, ಎರಡು ನಿಮಿಷಕ್ಕೆ ನಿಂತು ಹೋಗುತ್ತೆ. ಬ್ಯಾಟರಿ ಹೊಸದು ಸಾರ್!" ಬ್ಯಾಟರಿ ವಿಷಯ ನಾನು ಕೇಳುವುದೇ ಇಲ್ಲ. ಯಾವ ಪೆಟ್ರೋಲ್ ಹಾಕಿದ್ದಿರಿ ಅಂತ ಕೇಳುತ್ತೇನೆ.

ಉತ್ತರ ಬಹುತೇಕ ಒಂದೇ: "88 ಇತ್ತಲ್ಲ, ಅದು."

ಇಲ್ಲಿಯ ಬಂಕುಗಳಲ್ಲಿ ಪೆಟ್ರೋಲನ್ನು ಆಕ್ಟೇನ್ ನಂಬರಿನಿಂದ ಗುರುತಿಸುತ್ತಾರೆ; 87 ಅಂದರೆ ಮಾಮೂಲಿ ಪೆಟ್ರೋಲ್. ಪಕ್ಕದಲ್ಲೇ 88 ಅಂತ ಇನ್ನೊಂದು ಬಟನ್. ನಂಬರ್ ಒಂದು ಜಾಸ್ತಿ, ರೇಟು ಮಾತ್ರ ಕೆಲವು ಸೆಂಟ್ ಕಡಿಮೆ. ನಮ್ಮವರು ಬಿಡ್ತಾರಾ? ಆದರೆ ಅದು ಕಡಿಮೆ ಬೆಲೆಗೆ ಸಿಗುವುದಕ್ಕೆ ಕಾರಣ ಇದೆ. ಅದು ಇ15, ಅಂದರೆ ಅದರಲ್ಲಿ ಶೇಕಡಾ 15ರವರೆಗೆ ಎಥನಾಲ್ ಇರುತ್ತದೆ. 2001 ಮತ್ತು ಅದರ ನಂತರದ ಮಾಡೆಲ್ ಕಾರಿಗೆ ಹಾಕಬಹುದು. ಬೋಟಿಗೆ, ಬೈಕಿಗೆ, ಹುಲ್ಲು ಕತ್ತರಿಸುವ ಮಿಷಿನ್ನಿಗೆ ಹಾಕುವುದು ಫೆಡರಲ್ ಕಾನೂನಿನ ಪ್ರಕಾರವೇ ನಿಷಿದ್ಧ. ಪಂಪಿನ ಮೇಲೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ಇದನ್ನು ಬರೆದೂ ಇರುತ್ತಾರೆ. ಜನವರಿಯ ಚಳಿಯಲ್ಲಿ ಕೈ ಜೇಬಿನಲ್ಲಿಟ್ಟುಕೊಂಡು ಪೆಟ್ರೋಲ್ ಹಾಕಿ ಅಭ್ಯಾಸವಾದವರು ಅದನ್ನು ಓದುವುದು ಎಲ್ಲಿಂದ? ಕಾರಿಗೆ ಹಾಕಿದ ಅದೇ ಬಟನ್ ಒತ್ತಿ ಬೋಟಿನ ಟ್ಯಾಂಕಿಗೂ ತುಂಬಿಸಿಬಿಡುತ್ತಾರೆ. ಇದರ ಬಿಲ್ಲು ನಾನೂ ಕಟ್ಟಿದ್ದೇನೆ.

ಕಾರಿನಲ್ಲಿ ಪೆಟ್ರೋಲ್ ವಾರ, ಹದಿನೈದು ದಿನಕ್ಕೆ ಖಾಲಿಯಾಗುತ್ತದೆ. ಬೋಟಿನಲ್ಲಿ ಅಕ್ಟೋಬರಿನಿಂದ ಮೇವರೆಗೆ ಹಾಗೇ ಕೂತಿರುತ್ತದೆ. ಟ್ಯಾಂಕಿಗೆ ಗಾಳಿಕಿಂಡಿ ಬೇರೆ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಟ್ಟ ಮೀರಿದರೆ ಹಾಲು ಒಡೆದ ಹಾಗೆ ಎರಡು ಪದರ ಆಗುತ್ತದೆ. ಮೇಲೆ ಪೆಟ್ರೋಲ್, ತಳದಲ್ಲಿ ನೀರು ಮತ್ತು ಎಥನಾಲ್. ಇಂಜಿನ್ನಿಗೆ ಹೋಗುವ ಪೈಪು ಇರುವುದು ತಳದಲ್ಲೇ! ಸ್ಟೆಬಿಲೈಸರ್ ಹಾಕಿದ್ದೆ ಅನ್ನುತ್ತಾರೆ ಕೆಲವರು. ಅದು ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಒಡೆದದ್ದನ್ನು ಕೂಡಿಸುವುದಿಲ್ಲ.

ಈಗಾಗಲೇ ಹಾಕಿ ಆಗಿದ್ದರೆ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ಬಿಟ್ಟು ನೋಡಿ. ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ನೀರು ಬೇರ್ಪಡಿಸುವ ಫ್ಯುಯೆಲ್ ಫಿಲ್ಟರ್ ಬದಲಾಯಿಸಿ. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ. ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಒಯ್ಯಿರಿ. ತೆಗೆದುಕೊಳ್ಳುವ ಮಿತಿ ಎಷ್ಟು ಅಂತ ಮೊದಲೇ ಫೋನ್ ಮಾಡಿ ಕೇಳಿ. ಇಷ್ಟಾದ ಮೇಲೂ ಕಾರ್ಬ್ಯುರೇಟರ್ ಕಟ್ಟಿಕೊಂಡಿದ್ದರೆ ನೂರಾರು ಡಾಲರ್ ಹೋಯಿತು ಅಂತಲೇ ಲೆಕ್ಕ. ಉಳಿಸಿದ್ದು ಒಂದು ಟ್ಯಾಂಕಿಗೆ ಒಂದೆರಡು ಡಾಲರ್.

ಹಾಗಾದರೆ ಏನು ಹಾಕಬೇಕು? ಮಿನ್ನೆಸೋಟದಲ್ಲಿ ಮಾಮೂಲಿ ಪೆಟ್ರೋಲಿಗೂ ಶೇಕಡಾ 10 ಎಥನಾಲ್ ಬೆರೆಸಿರುತ್ತಾರೆ. ಈಗಿನ ಬೋಟ್ ಇಂಜಿನ್ನುಗಳು ಅಷ್ಟನ್ನು ತಡೆಯುತ್ತವೆ. ಆದರೆ ಬೋಟು, ಸ್ನೋಮೊಬೈಲ್, ಹಳೇ ಕಾರುಗಳಿಗೆಂದೇ ಎಥನಾಲ್ ಇಲ್ಲದ ಪೆಟ್ರೋಲ್ ಮಾರಲು ಇಲ್ಲಿಯ ಕಾನೂನು ಬಿಟ್ಟಿದೆ. ಪಂಪಿನ ಮೇಲೆ 'ನಾನ್ ಆಕ್ಸಿಜನೇಟೆಡ್' ಅಂತ ಇರುತ್ತದೆ, ಸಾಮಾನ್ಯವಾಗಿ 91ರ ಪ್ರೀಮಿಯಂ. 91 ಇದ್ದದ್ದೆಲ್ಲ ಅದೇ ಅಂದುಕೊಳ್ಳಬೇಡಿ, ಚೀಟಿ ಓದಿ. ರೇಟು ಜಾಸ್ತಿ, ನಿಜ. ಸೀಸನ್ನಿನ ಕೊನೆಯ ಟ್ಯಾಂಕ್ ಆದರೂ ಅದೇ ಇರಲಿ. ಊರಿನಲ್ಲಿ, ಅಂದರೆ ಭಾರತದಲ್ಲಿ, ಈಗ ಎಲ್ಲ ಕಡೆ ಇ20, ಬೇರೆ ಬೇಕೆಂದರೂ ಮಾಮೂಲಿ ಬಂಕಿನಲ್ಲಿ ಸಿಗುವುದು ಕಷ್ಟ. ಈ ವಿಷಯದಲ್ಲಿ ನನಗೆ ಇಲ್ಲಿಯ ಪದ್ಧತಿಯೇ ಇಷ್ಟ. ಬೇಕಾದ್ದನ್ನು ಆರಿಸಿಕೊಳ್ಳಬಹುದು, ತಪ್ಪಾಗಿ ಆರಿಸಿದರೆ ದಂಡ ನಮ್ಮದೇ.

ಉಳಿದದ್ದು ಬೇಗ ಹೇಳುತ್ತೇನೆ. ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ಸಿಕ್ಕಿಸುವ) ಇಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಸ್ವಲ್ಪ ಬಿಟ್ಟು ನೋಡಿ. ಬಿಳಿ ಬಿಳಿಯಾಗಿ ಬಂದರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ ಅಂತ. ಇದನ್ನು ನಿಜವಾಗಿ ಅಕ್ಟೋಬರಿನಲ್ಲೇ ನೋಡಬೇಕು, ಯಾಕೆಂದರೆ ಆ ನೀರು ಹೆಪ್ಪುಗಟ್ಟಿದರೆ ಕೇಸಿಂಗ್ ಸೀಳುತ್ತದೆ. ಮನೆಯ ಮುಂದೆ "ಸುಮ್ನೆ ಒಂದ್ಸಲ ನೋಡೋಣ" ಅಂತ ನೀರಿಲ್ಲದೆ ಸ್ಟಾರ್ಟ್ ಮಾಡಬೇಡಿ. ಇಂಜಿನ್ ತಣ್ಣಗಿಡಲು ನೀರೆತ್ತುವ ಇಂಪೆಲ್ಲರ್ ರಬ್ಬರಿನದು, ಒಣಗಿ ತಿರುಗಿದರೆ ಬಲುಬೇಗ ಸುಟ್ಟು ಹೋಗುತ್ತದೆ. ಇಂಜಿನ್ನಿನ ನೀರೆಳೆಯುವ ಕಿಂಡಿಗೆ ಹೋಸ್ ಪೈಪು ಸಿಕ್ಕಿಸುವ ರಬ್ಬರ್ ಬಟ್ಟಲು, ಮಫ್ಸ್ ಅಂತಾರೆ, ಅಗ್ಗಕ್ಕೆ ಸಿಗುತ್ತವೆ. ನೀರು ಬಿಟ್ಟು ಸ್ಟಾರ್ಟ್ ಮಾಡಿದಾಗ ಹಿಂದಿನ ಸಣ್ಣ ತೂತಿನಿಂದ ಧಾರೆ ಬರಬೇಕು. ಬರದಿದ್ದರೆ ತಕ್ಷಣ ನಿಲ್ಲಿಸಿ. ಒಂದು ಬಾರಿ ಬಳಸಿ ಎಸೆಯುವ ಅಗ್ನಿಶಾಮಕದ ಸಿಲಿಂಡರ್ ಮೇಲೆ ತಯಾರಾದ ವರ್ಷ ಇರುತ್ತದೆ. 12 ವರ್ಷ ದಾಟಿದ್ದರೆ ಗೇಜಿನ ಮುಳ್ಳು ಹಸಿರಿನಲ್ಲಿದ್ದರೂ ನಡೆಯುವುದಿಲ್ಲ.

ಡ್ರೈನ್ ಪ್ಲಗ್, ಅಂದರೆ ಬೋಟಿನೊಳಗಿನ ನೀರು ಹೊರಬಿಡುವ ತೂತಿನ ಬಿರಡೆ, ಅದರ ಬಗ್ಗೆ ನೆನಪಿರಲಿ. ರಸ್ತೆಯಲ್ಲಿ ಬೋಟು ಎಳೆಯುವಾಗ ಅದು ತೆಗೆದೇ ಇರಬೇಕು, ಇಲ್ಲದಿದ್ದರೆ ದಂಡ. ಜೀಬ್ರಾ ಮಸ್ಸೆಲ್ (ಹೊರಗಿಂದ ಬಂದ ಸಣ್ಣ ಚಿಪ್ಪುಜೀವಿ) ಥರದ ಜೀವಿಗಳು ನೀರಿನ ಜೊತೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಈ ನಿಯಮ. ಹೊರಗಿಂದ ಬಂದ ಒಂದು ಕಳೆ ಕೆರೆಯನ್ನು ಏನು ಮಾಡುತ್ತದೆ ಅಂತ ಬೆಳ್ಳಂದೂರು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹಾಗಾಗಿ ಈ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸೀಸನ್ನಿನ ಮೊದಲ ದಿನ ಬೋಟು ನೀರಿಗಿಳಿಸುವ ಲ್ಯಾಂಡಿಂಗಿನಲ್ಲಿ ಪ್ಲಗ್ ಹಾಕುವುದನ್ನೇ ಮರೆತು ಪಾದದವರೆಗೆ ನೀರು ತುಂಬಿಸಿಕೊಂಡವರನ್ನು ಮಿನ್ನೆಟೋಂಕಾ ಕೆರೆಯಲ್ಲಿ ನೋಡಿದ್ದೇನೆ. ಪ್ಲಗ್ಗನ್ನು ಬೋಟಿನ ಕೀ ಜೊತೆಗೇ ಕಟ್ಟಿಡಿ. ಪಕ್ಕದವರ ಹಳೇ ಡಾಕ್ (ಬೋಟು ಕಟ್ಟುವ ಅಟ್ಟಣೆ) ಅಥವಾ ಬೋಟನ್ನು ನೀರಿನಿಂದ ಮೇಲೆತ್ತುವ ಬೋಟ್ ಲಿಫ್ಟ್ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಕೆರೆಗೆ ಒಯ್ಯುವವರು 21 ದಿನ ಅದನ್ನು ನೀರಿನಿಂದ ಹೊರಗೆ ಒಣಗಿಸಬೇಕು. ಅದೂ ಕಾನೂನೇ.

ಇನ್ನು ಬೋಟು ಓಡಿಸುವ ಪರ್ಮಿಟ್. ದೊಡ್ಡವರಿಗೆ ಬೇಕಿಲ್ಲ ಅನ್ನುವ ಹಳೇ ಮಾತು ಇನ್ನೂ ಓಡಾಡುತ್ತಿದೆ. 2025ರ ಜುಲೈ 1ರಿಂದ ದೊಡ್ಡವರಿಗೂ ಪರ್ಮಿಟ್ ಬೇಕೆನ್ನುವ ಹೊಸ ನಿಯಮ ಹಂತ ಹಂತವಾಗಿ ಬರುತ್ತಿದೆ. 2028ರ ಹೊತ್ತಿಗೆ 1987ರ ಜೂನ್ 30ರ ನಂತರ ಹುಟ್ಟಿದವರೆಲ್ಲ ಇದರೊಳಗೆ ಬರುತ್ತಾರೆ. ಪರ್ಮಿಟ್ಟಿಗೆ ಬೇಕಾದ ಕೋರ್ಸು ಆನ್‌ಲೈನಿನಲ್ಲೇ ಮುಗಿಯುತ್ತದೆ. ಏಪ್ರಿಲಿನಲ್ಲಿ ಹೊರಗೆ ಇನ್ನೂ ಚಳಿ ಇರುವಾಗಲೇ ಮುಗಿಸಿಕೊಳ್ಳಿ.